ಬನ್ನಿನ ಕಪಾಟಿನಲ್ಲಿ ಊರಿನ ಮದುವೆ ಕಾಗದಗಳು

ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಹೇಳುವವರು ಸತ್ತವರ ಕಂಪ್ಯೂಟರನ್ನು ತೆರೆದು ನೋಡಿದವರಲ್ಲ. ನಾನು ನೋಡಿದ್ದೇನೆ. ಸ್ವಭಾವದಿಂದ ನಾನು ಸಾಧು ಮನುಷ್ಯ. ಝೆರಾಕ್ಸ್ ಯಂತ್ರದೊಳಗೆ ಕಾಗದ ಸಿಕ್ಕಿಬಿದ್ದರೂ “ಬಾ ಮಾರಾಯಾ” ಎಂದು ಮೆಲ್ಲಗೆ ಕರೆದು ಎಳೆಯುವವನು. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಮನೆಯೊಳಗೆ ನನ್ನ ದನಿ ಏರಿದ್ದು ಎರಡೇ ಸಲ. ಎರಡು ಸಲವೂ ಹಾವು ಬಂದಿತ್ತು. ಅಂಥ ನಾನು ಹೆಂಡತಿ ಮಂಗಲಾ ತೀರಿಕೊಂಡ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಪೂರ್ತಿ ಸಿಟ್ಟಿನಲ್ಲಿದ್ದೆ. ನೋಡಿದವರು “ಪಾಪ, ದುಃಖದಲ್ಲಿದ್ದಾನೆ” ಎಂದರು. ದುಃಖವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ದುಃಖಕ್ಕೆ ಒಂದು ಮೂಲೆ ಕೊಟ್ಟರೆ ಸಾಕು, ಕುಳಿತುಕೊಳ್ಳುತ್ತದೆ. ಸಿಟ್ಟಿಗೆ ಓಡಾಡಬೇಕು. ಅದು ನನ್ನನ್ನು ಕುಮಟಾದಿಂದ ಹೊನ್ನಾವರಕ್ಕೆ, ಅಲ್ಲಿಂದ ಭಟ್ಕಳಕ್ಕೆ ಅಲೆದಾಡಿಸಿ, ಕೊನೆಗೆ ಯಾರ್‍ಯಾರೋ ಉಪಯೋಗಿಸಿ ಬಿಟ್ಟ ಹಳೇ ಸಾಮಾನುಗಳಿಂದ ಒಂದು ಯಂತ್ರವನ್ನು ಕಟ್ಟಿಸಿತು. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಹೋಟೆಲಿನಲ್ಲಿ ಚಾ ತಂದುಕೊಡುವವನಿಗೂ ಅದೇ ಹೆಸರು ಇದೆಯಂತೆ. ಆದರೆ ಅವನು ಕೇಳಿದ್ದನ್ನು ತಂದುಕೊಡುತ್ತಾನೆ. ನನ್ನದರ ವಿಷಯ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಕುಮಟಾ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಇರುವ ಅಂಗಡಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಝೆರಾಕ್ಸ್, ಲ್ಯಾಮಿನೇಶನ್, ಬೈಂಡಿಂಗ್ ಮುಂತಾದ ತಲೆ ಬೇಡದ ಕೆಲಸಗಳೆಲ್ಲ ನನ್ನವು. ಕಂಪ್ಯೂಟರು ಮಂಗಲಾಳದು. ನಾನು ಎಸ್ಸೆಸ್ಸೆಲ್ಸಿ, ಅವಳು ಪಿಯುಸಿ. ಆ ಎರಡು ವರ್ಷಗಳ ಅಂತರ ನಮ್ಮ ಅಂಗಡಿಯಲ್ಲಿ ಕಣ್ಣಿಗೆ ಕಾಣದ ಅಡ್ಡಗೋಡೆಯಾಗಿತ್ತು. ತೊಂಬತ್ತೆಂಟರಲ್ಲಿ ಅವಳು ಆರು ತಿಂಗಳು ಕ್ಲಾಸಿಗೆ ಹೋಗಿ ಟೈಪಿಂಗು, ಡಿಸೈನು ಕಲಿತಳು. ಅಲ್ಲಿಂದ ಮುಂದೆ ನಮ್ಮ ಸುತ್ತಮುತ್ತಲಿನ ಮದುವೆ ಕಾಗದ, ಉಪನಯನದ ಕಾಗದ, ಗೃಹಪ್ರವೇಶದ ಕಾಗದ, ಹನ್ನೆರಡನೇ ದಿನದ ಕಾಗದ, ಎಲ್ಲವೂ ಅವಳ ಕೈಯಿಂದಲೇ ಹೊರಟವು. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವ ಕ್ಯಾಮರಾ ಬಂದ ಮೇಲೆ ಅರ್ಧ ಕುಮಟಾದ ಮುಖವೂ ಅವಳ ಕಂಪ್ಯೂಟರಿನೊಳಗೆ ಸೇರಿತು. ಎರಡು ಡಿಸ್ಕು ತುಂಬಿ ಮೂರನೆಯದು ಬಂತು. ಮೊದಲಿನ ಎರಡರಲ್ಲಿದ್ದುದನ್ನೂ ಅವಳು ಈ ಮೂರನೆಯದಕ್ಕೇ ತಂದು ತುಂಬಿದಳು. ಒಂದನ್ನೂ ಅಳಿಸುತ್ತಿರಲಿಲ್ಲ.

ಏಕೆ ಅಳಿಸುತ್ತಿರಲಿಲ್ಲ ಎಂಬುದಕ್ಕೆ ನಮ್ಮ ಕಡೆಯ ಮದುವೆ ಕಾಗದದ ವಿಚಾರ ಹೇಳಬೇಕು. ಅದು ಬರೀ ಕರೆಯುವ ಕಾಗದವಲ್ಲ, ಜಮೀನಿನ ಪಹಣಿ ಇದ್ದ ಹಾಗೆ. ಕೆಳಗೆ ‘ತಮ್ಮ ಆಗಮನವನ್ನು ಬಯಸುವ’ ಎಂದು ಬರೆದು ಅದರಡಿಯಲ್ಲಿ ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾರದು ದಪ್ಪ ಅಕ್ಷರದಲ್ಲಿ ಎಂಬುದರ ಮೇಲೆ ಮನೆತನದ ಮಾನ ನಿಂತಿರುತ್ತದೆ. ಹಿರೇಗುತ್ತಿಯ ಬೊಮ್ಮಯ್ಯನವರ ಮನೆಯಲ್ಲಿ ಒಮ್ಮೆ ಬೊಮ್ಮಯ್ಯ ಮತ್ತು ಅವರ ದೊಡ್ಡಪ್ಪನ ಮಗನ ನಡುವೆ ಈ ವಿಷಯಕ್ಕೆ ಜಗಳವಾಗಿ ಮದುವೆಯೇ ಮುಂದೆ ಹೋಗುವುದರಲ್ಲಿತ್ತು. ಒಬ್ಬರು ವಯಸ್ಸಿನಲ್ಲಿ ಹಿರಿಯರು, ಇನ್ನೊಬ್ಬರು ಹಿರೇ ಕವಲಿನವರು. ಮಂಗಲಾ ಇಬ್ಬರನ್ನೂ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಚಾ ಕೊಟ್ಟು, ಮಾತು ಮುಗಿಯುವವರೆಗೆ ಕೇಳಿ, ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ ಒಂದೇ ಎತ್ತರದ ಅಕ್ಷರದಲ್ಲಿ ಕೂರಿಸಿದಳು. ಎಡಗಡೆಯವರು ಮೊದಲು ಓದಲ್ಪಡುತ್ತಾರಲ್ಲ ಎಂದು ಬಲಗಡೆಯವರು ತಕರಾರು ತೆಗೆದರು. “ಬೊಮ್ಮಣ್ಣ, ಊಟ ಮಾಡೂದು ಯಾವ ಕೈಯಲ್ಲಿ?” ಎಂದು ಕೇಳಿದಳು. ಅವರು ತಮ್ಮ ಬಲಗೈಯನ್ನು ನೋಡಿಕೊಂಡು ಸುಮ್ಮನಾದರು. ಅಂದಿನಿಂದ ಆ ಫೈಲೇ ಆ ಮನೆಯ ಕಾನೂನು. ಮುಂದಿನ ಯಾವ ಮದುವೆಗೂ “ಅದೇ ಕಾಗದ ತೆಗಿ, ಹುಡುಗ ಹುಡುಗಿ ಹೆಸರಷ್ಟೇ ಬದಲಾಯ್ಸು” ಎನ್ನುತ್ತ ಬರುತ್ತಿದ್ದರು. ಇಂಥ ಹಲವು ಮನೆಗಳ ರಾಜಿಪತ್ರಗಳು ಅವಳ ಡಿಸ್ಕಿನಲ್ಲಿದ್ದವು.

ಇದ್ದವು ಸರಿ. ಎಲ್ಲಿ? ಅಲ್ಲಿಂದ ನನ್ನ ಸಿಟ್ಟು ಶುರು. ಮನೆತನದ ಹೆಸರು, ಊರು, ಇಸವಿ ಹಾಕಿ ಇಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಇಟ್ಟ ಹೆಸರುಗಳು ಹೀಗಿದ್ದವು: ‘ಬೊಮ್ಮಯ್ಯ ಜಗಳ’, ‘ಜಗಳ ಮುಗಿದದ್ದು’, ‘ಮುಗಿಯಲಿಲ್ಲ’, ‘ಕೆಂಪು ಸೀರೆಯವರು’, ‘ನಾಳೆ ಬರ್ತೇನೆಂದವರು’, ‘ಮೂಗು ಮುರಿದವರ ತಂಗಿ’. ಇದರಲ್ಲಿ ಯಾವುದು ಯಾರ ಮನೆಯದು ಎಂದು ಅವಳನ್ನಲ್ಲದೆ ಇನ್ನಾರನ್ನು ಕೇಳುವುದು? ಹೀಗೆ ಹೆಸರಿಟ್ಟು ಹೋಗುವವರು ಹೋಗಲೇಬಾರದು. ಇದು ನನ್ನ ಸ್ಪಷ್ಟವಾದ ಅಭಿಪ್ರಾಯ.

ಅವಳು ಹೋದದ್ದು ಕಾಮಾಲೆಯಿಂದ, ಹದಿನೆಂಟು ದಿನಗಳಲ್ಲಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಹನ್ನೆರಡನೇ ದಿನದ ಕಾಗದವನ್ನು ಮಾತ್ರ ನಾನೇ ಮಾಡಬೇಕೆಂದು ಹಟ ಹಿಡಿದೆ. ಊರಿನವರ ಕಾಗದವನ್ನೆಲ್ಲ ಮಾಡಿದವಳ ಕಾಗದ ಬೇರೆ ಅಂಗಡಿಯಲ್ಲಿ ಆಗುವುದೆಂದರೆ ಏನು? ಸಂತೆಗುಳಿಯ ಯಾರೋ ತಮ್ಮ ತಾಯಿಗೆ ಮಾಡಿಸಿದ್ದ ಕಾಗದ ಸಿಕ್ಕಿತು. ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಹೆಸರು ಬದಲಾಯಿಸಿದೆ, ದಿನ ಬದಲಾಯಿಸಿದೆ, ಸ್ಥಳ ಬದಲಾಯಿಸಿದೆ. ಇನ್ನೂರು ಪ್ರತಿ ತೆಗೆದು ಹಂಚಿದೆ. ಕಾರ್ಯವೂ ಮುಗಿಯಿತು, ಜನ ಉಂಡು ಹೋದರು. ವಾರದ ಮೇಲೆ ಉಳಿದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಓದಿದರೆ, ಮೊದಲ ಸಾಲಿನಲ್ಲಿ ‘ನನ್ನ ಪೂಜ್ಯ ಮಾತೋಶ್ರೀಯವರಾದ’ ಎಂದು ಇದೆ! ನನ್ನ ಹೆಂಡತಿಯನ್ನು ನನ್ನ ತಾಯಿಯೆಂದು ನಾನೇ ಊರಿಗೆಲ್ಲ ಸಾರಿ, ಅದೇ ಕಾಗದವನ್ನು ಕೈಮುಗಿದು ಕೊಟ್ಟು ಬಂದಿದ್ದೆ. ಇನ್ನೂರು ಮನೆಯವರು ಓದಿದ್ದರು. ಒಬ್ಬರಾದರೂ ಬಾಯಿ ಬಿಡಬಾರದೇ? ಸಿಟ್ಟು ನೆತ್ತಿಗೇರಿ ಅವಳ ತಮ್ಮ ಗಜಾನನನನ್ನು ಹಿಡಿದು ಕೇಳಿದೆ.

“ಓದಿದ್ದೆ ಭಾವ,” ಎಂದ. “ಹೇಳೂಕೆ ಬಾಯಿ ಬರ್ಲಿಲ್ಲ. ಅಕ್ಕ ನಿಮ್ಮನ್ನ ನೋಡ್ಕೊಂಡದ್ದು ತಾಯಿ ಹಾಗೇ ಅಲ್ದಾ, ಬೇಕು ಹೇಳೇ ಹಾಕಿದ್ರೇನೋ ಹೇಳಿ ಸುಮ್ಮನಾದೆ.”

ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಾಗಿತ್ತು. ಹೆಸರು ಬದಲಾಯಿಸಿದ ಮೇಲೆ ಅದನ್ನು ಬೇರೆ ಫೈಲಾಗಿ ಇಡಬೇಕಂತೆ. ನಾನು ಅದರ ಮೇಲೆಯೇ ಇಟ್ಟಿದ್ದೆ. ಸಂತೆಗುಳಿಯವರ ತಾಯಿಯ ಕಾಗದ ಅಳಿಸಿಹೋಗಿ ಅದರ ಜಾಗದಲ್ಲಿ ನನ್ನ ತಪ್ಪು ಕುಳಿತಿತ್ತು. ಎಂಟು ಒಂಬತ್ತು ವರ್ಷ ಮಂಗಲಾ ಒಂದನ್ನೂ ಕಳೆಯದೆ ಇಟ್ಟದ್ದರಲ್ಲಿ ಒಂದನ್ನು ನಾನು ಹನ್ನೆರಡು ದಿನಗಳೊಳಗೆ ತಿಂದುಹಾಕಿದ್ದೆ. ಇದಾದ ಸ್ವಲ್ಪ ದಿನಗಳಲ್ಲೇ ಡಿಸ್ಕು ಟಕ್, ಟಕ್ ಎನ್ನತೊಡಗಿತು. ಕಂಪ್ಯೂಟರು ಒಮ್ಮೆ ಏಳುತ್ತಿತ್ತು, ಮೂರು ಸಲ ಏಳುತ್ತಿರಲಿಲ್ಲ. ಅವಳ ಕೈಕೆಲಸವೆಂದು ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಡಿಸ್ಕಿನೊಳಗೆ. ನಮಗೆ ಮಕ್ಕಳಿಲ್ಲ. ಅವಳು ಕಸೂತಿ ಹಾಕಿದವಳಲ್ಲ, ಹಾಡಿದವಳಲ್ಲ. ಅವಳು ಮಾಡಿದ್ದು ಇಷ್ಟೇ, ಊರಿನವರ ಹೆಸರುಗಳನ್ನು ಅವರವರ ಮಾನಕ್ಕೆ ತಕ್ಕ ಹಾಗೆ ಸಾಲಾಗಿ ಕೂರಿಸಿದ್ದು.

ನೀವು ಕೇಳಬಹುದು, ಬೇರೆ ಪ್ರತಿ ಇಟ್ಟಿರಲಿಲ್ಲವೇ ಎಂದು. ಇಟ್ಟಿದ್ದಳು, ಸಿ.ಡಿ.ಗಳಲ್ಲಿ. ಅವುಗಳ ಡಬ್ಬಿ ತೆರೆದರೆ ನಮ್ಮ ಸಮುದ್ರದ ಗಾಳಿ ಮತ್ತು ನಾಲ್ಕು ತಿಂಗಳ ಮಳೆ ಸೇರಿ ಒಂದೊಂದು ಸಿ.ಡಿ.ಯ ಮೇಲೂ ಬೂಷ್ಟಿನ ಭೂಪಟ ಬರೆದಿದ್ದವು. ಕೆಲವುದರ ಬೆಳ್ಳಿ ಬಣ್ಣ ಉಗುರಿಗೆ ಎದ್ದು ಬರುತ್ತಿತ್ತು. ಡಿಸ್ಕನ್ನು ಹಿಡಿದುಕೊಂಡು ಊರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯವನು ಅದನ್ನು ಕಿವಿಯ ಹತ್ತಿರವೂ ಹಿಡಿಯದೆ, “ಹಳೇ ಫೈಲು ಎಂತಕ್ಕೆ? ಹೊಸ ಡಿಸ್ಕ್ ಹಾಕಿ ಫಾರ್ಮ್ಯಾಟ್ ಮಾಡಿ ಕೊಡ್ತೆ, ಕ್ಲೀನ್ ಆಗ್ತದೆ” ಎಂದ. ಕ್ಲೀನ್! ಮನುಷ್ಯನ ಮನೆಯಲ್ಲಿ ಸಾವಾಗಿದೆಯೆಂದು ತಿಳಿದೂ ಈ ಶಬ್ದ ಬಳಸುತ್ತಾರಲ್ಲ. ಎಲ್ಲವನ್ನೂ ಕಾಯ್ದಿಡುವಂಥ ಯಂತ್ರ ಸಿಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವನು ಬಣ್ಣದ ಚೀಟಿಯೊಂದನ್ನು ತೋರಿಸಿದ. ಅದರ ಬೆಲೆ ಕೇಳಿ ನಾನು ಚೀಟಿಯನ್ನಷ್ಟೇ ಝೆರಾಕ್ಸ್ ಮಾಡಿಕೊಳ್ಳುವ ಯೋಗ್ಯತೆಯವನೆಂದು ತಿಳಿಯಿತು.

ದಾರಿ ತೋರಿಸಿದವನು ಹೊನ್ನಾವರದ ಪಾಂಡುರಂಗ ಖಾರ್ವಿ. ಮೀನುಗಾರಿಕೆ ದೋಣಿಗಳ ವೈರ್‌ಲೆಸ್ ಸೆಟ್ಟು, ನೀರಿನಡಿಯ ಮೀನಿನ ಹಿಂಡನ್ನು ಪರದೆಯ ಮೇಲೆ ತೋರಿಸುವ ಯಂತ್ರ, ಇವನ್ನು ರಿಪೇರಿ ಮಾಡುವವನು. ಶಾಲೆ ನನ್ನಷ್ಟೂ ಇಲ್ಲ. ಅವನ ವೈರಿಂಗ್ ನಕ್ಷೆಗಳಿಗೆ ದೋಣಿಯಲ್ಲಿ ನೀರು ತಾಗಬಾರದೆಂದು ವರ್ಷಕ್ಕೆರಡು ಸಲ ನಮ್ಮಲ್ಲಿ ಲ್ಯಾಮಿನೇಶನ್ ಮಾಡಿಸುತ್ತಿದ್ದ. ಆ ಸಲ ಬಂದಾಗ ಟಕ್ ಟಕ್ ಸದ್ದು ಕೇಳಿ ತಾನಾಗಿ ಒಳಗೆ ಬಂದ.

“ಇದನ್ನ ಇನ್ನು ಹಚ್ಚಬೇಡ ಮಾರಾಯಾ. ಹಚ್ಚಿದಷ್ಟು ಸಲ ಸಾಯ್ತದೆ.”

“ಮತ್ತೆ ಎಂತ ಮಾಡೂದು?”

“ಫೈಲು ಇಟ್ಕೊಳ್ಳೂಕೇ ಹೇಳಿ ಬೇರೆ ಒಂದು ಯಂತ್ರ ಕಟ್ಟುವ. ಹಳೇ ಸಾಮಾನಲ್ಲೇ ಆಗ್ತದೆ. ಎರಡು ಡಿಸ್ಕ್ ಹಾಕೂದು. ಒಂದರಲ್ಲಿ ಬರೆದದ್ದು ತನ್ನಷ್ಟಕ್ಕೇ ಇನ್ನೊಂದರಲ್ಲೂ ಬರೀತದೆ. ಎರಡು ಒಟ್ಟಿಗೆ ಸಾಯೂದಿಲ್ಲ. ಒಂದು ಹೋದ್ರೆ ಇನ್ನೊಂದರಲ್ಲಿ ಎಲ್ಲಾ ಇರ್ತದೆ.”

ನನಗೆ ಒಳಗೊಳಗೇ ಆ ಏರ್ಪಾಡಿನ ಮೇಲೂ ಸಿಟ್ಟು ಬಂತು. ನಮ್ಮ ಮನೆಯಲ್ಲೂ ಇಬ್ಬರಿದ್ದೆವು, ಒಂದೇ ಛಾವಣಿಯಡಿ, ಹತ್ತೊಂಬತ್ತು ವರ್ಷ. ಒಬ್ಬಳು ಹೋದಳು, ಉಳಿದವನಲ್ಲಿ ಏನಿತ್ತು? ಸಾಂಬಾರು ಪುಡಿಗೆ ಕೊತ್ತಂಬರಿ ಎಷ್ಟು, ಹಾಲಿನವಳ ಗಂಡನ ಹೆಸರೇನು, ಮಳೆಗಾಲದ ಕಂಬಳಿ ಯಾವ ಟ್ರಂಕಿನಲ್ಲಿ, ಒಂದೂ ಇರಲಿಲ್ಲ. ದುಬೈಯವರು ಬಿಸಾಡಿದ ಡಿಸ್ಕುಗಳಿಗಿರುವ ಬುದ್ಧಿ ದೇವರು ಗಂಡಂದಿರಿಗೆ ಕೊಟ್ಟಿಲ್ಲ.

ದುಬೈ ಎಂದೆನಲ್ಲ, ಸಾಮಾನು ಸಿಕ್ಕಿದ್ದು ಭಟ್ಕಳದಲ್ಲಿ. ಅಲ್ಲಿಯ ಮನೆಗಳವರು ಕೊಲ್ಲಿಯಲ್ಲಿ ದುಡಿಯುವುದರಿಂದ ದುಬೈಯ ಆಫೀಸುಗಳು ಕಳೆದುಹಾಕಿದ ಕಂಪ್ಯೂಟರುಗಳು ಭಟ್ಕಳದ ಸಾಹೇಬರೊಬ್ಬರ ಅಂಗಡಿಗೆ ಬರುತ್ತಿದ್ದವು. ಪಾಂಡುರಂಗನಿಗೆ ಅವರ ಪರಿಚಯ. ಅಂಗಡಿ ತುಂಬ ಯಂತ್ರಗಳು, ಅತ್ತರಿನ ವಾಸನೆ, ಗೋಡೆಯ ಮೇಲೆ ಐದು ಗಡಿಯಾರ. ಐದರದೂ ಬೇರೆ ಬೇರೆ ಸಮಯ. ನಾವು ಆರಿಸಿದ ಕಂಪ್ಯೂಟರಿನ ಮುಚ್ಚಳ ಬಿಚ್ಚಿದಾಗ ಒಳಗಿಂದ ಒಂದು ಹಿಡಿ ಮರಳು ಬಿತ್ತು. ಕೆಂಪು ಬಣ್ಣದ, ಹಿಟ್ಟಿನಂಥ ಮರಳು. ನಮ್ಮ ಕರಾವಳಿಯವನಿಗೆ ಮರಳನ್ನೂ ಆಮದು ಮಾಡಿ ಮಾರುವುದೇ ಎಂದು ನನಗೆ ರೇಗಿತು.

“ಸಾಹೇಬ್ರೆ, ಇದಕ್ಕೆ ಗ್ಯಾರಂಟಿ ಎಷ್ಟು?”

“ಗ್ಯಾರಂಟಿ ಕೇಳ್ತೀರಲ್ಲ ಅಣ್ಣ,” ಎಂದು ಅವರು ನಕ್ಕರು. “ಮನುಷ್ಯನಿಗೇ ಗ್ಯಾರಂಟಿ ಇಲ್ಲ.”

ನಾನು ನಗಲಿಲ್ಲ. ಪಾಂಡುರಂಗ ಅವರ ಕಿವಿಯಲ್ಲಿ ಕೊಂಕಣಿಯಲ್ಲಿ ಏನೋ ಹೇಳಿದ. ಸಾಹೇಬರ ನಗು ಅಲ್ಲೇ ನಿಂತಿತು. ನಾವು ತೆಗೆದಿಟ್ಟಿದ್ದ ಎರಡು ಡಿಸ್ಕುಗಳನ್ನು ತಿರುಗಿಸಿ ನೋಡಿ, ಒಂದನ್ನು ವಾಪಸು ತೆಗೆದುಕೊಂಡರು. “ಇವೆರಡೂ ಒಂದೇ ದಿನ ತಯಾರಾದದ್ದು, ಒಂದೇ ಆಫೀಸಲ್ಲಿ ಇದ್ದದ್ದು. ಒಂದಕ್ಕೆ ಬಂದ ಕಾಯಿಲೆ ಇನ್ನೊಂದಕ್ಕೂ ಬರ್ತದೆ. ಜೋಡಿ ಮಾಡೋದಾದ್ರೆ ಬೇರೆ ಬೇರೆ ಮನೆಯದ್ದು ಮಾಡ್ಬೇಕು, ಅಣ್ಣ.” ಒಳಗಿನಿಂದ ಬೇರೆ ಒಂದನ್ನು ತಂದುಕೊಟ್ಟರು. ಸಂಬಂಧ ನೋಡುವಾಗ ಗೋತ್ರ ಕೇಳುವುದು ಕಂಪ್ಯೂಟರಿನಲ್ಲೂ ಇದೆಯೆಂದು ನನಗೆ ಗೊತ್ತಾದದ್ದು ಭಟ್ಕಳದ ಸಾಹೇಬರಿಂದ. ಯಂತ್ರದ ಜೊತೆಗೆ ಪುಕ್ಕಟೆ ಕೊಟ್ಟ ಕೀಬೋರ್ಡಿನ ಒಂದೊಂದು ಗುಂಡಿಯ ಮೇಲೂ ಅರಬ್ಬಿ ಅಕ್ಷರವಿತ್ತು. ಪ್ಲಗ್ಗಿಗೆ ಚೌಕದ ಮೂರು ಕಾಲು. ನಮ್ಮ ಊರಿನ ಯಾವ ಗೋಡೆಯಲ್ಲೂ ಅಂಥ ತೂತಿಲ್ಲ. ಕತ್ತರಿಸಿ ಬೇರೆ ಜೋಡಿಸಬೇಕಾಯಿತು.

ಹೊನ್ನಾವರದ ಬಂದರಿನ ಹತ್ತಿರ ಪಾಂಡುರಂಗನ ರಿಪೇರಿ ಕೋಣೆಯಲ್ಲಿ ಕಟ್ಟುವ ಕೆಲಸ ಶುರುವಾಯಿತು. ಅವನು ಕಂಪ್ಯೂಟರಿನ ಒಳಭಾಗಗಳನ್ನೆಲ್ಲ ಬ್ರಶ್ಶಿನಿಂದ ತಿಕ್ಕಿ, ಸ್ಪಿರಿಟಿನಲ್ಲಿ ತೊಳೆದು, ಬಿಸಿಲಿಗೆ ಹಪ್ಪಳದ ಹಾಗೆ ಹರವಿ, ಒಣಗಿದ ಮೇಲೆ ದೋಣಿಯ ಯಂತ್ರಗಳಿಗೆ ಬಳಿಯುವ ವಾರ್ನಿಶ್ ಬಳಿದ. “ಉಪ್ಪು ಗಾಳಿ ಒಳಗೆ ಹೋಗಬಾರದು. ಮೇಲೊಂದು ಪೆಟ್ಟಿಗೆ ಬೇಕು” ಎಂದ. ಪೆಟ್ಟಿಗೆಯೆಂದು ಅವನು ತಂದದ್ದು ಮುಚ್ಚಿಹೋದ ಚಾ ಅಂಗಡಿಯೊಂದರ ಗಾಜಿನ ಕಪಾಟು, ಬನ್ನು ಮತ್ತು ಖಾರಾ ಬಿಸ್ಕತ್ತು ಇಡುತ್ತಿದ್ದಂಥದ್ದು. ಒಳಗೊಂದು ಸಣ್ಣ ಬಲ್ಬು ಸದಾ ಉರಿಯಬೇಕು. ಆ ಬಿಸಿಗೆ ಪಸೆ ಹಿಡಿಯುವುದಿಲ್ಲವಂತೆ. ಫೋಟೋ ಸ್ಟುಡಿಯೋದವರು ಲೆನ್ಸುಗಳನ್ನು ಹಾಗೇ ಇಡುತ್ತಾರೆಂದು ನನಗೂ ಗೊತ್ತಿತ್ತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿದ್ದ ಸಾಫ್ಟ್‌ವೇರಿನಿಂದ ಅವನು ಅದಕ್ಕೆ ಪ್ರಾಣವನ್ನೂ ತುಂಬಿದ. ಸಕ್ಕರೆಯ ಹಳೇ ವಾಸನೆಗೆ ಮೊದಲ ದಿನವೇ ಇರುವೆಗಳು ಬಂದವು. ಕಪಾಟಿನ ನಾಲ್ಕು ಕಾಲುಗಳನ್ನು ನೀರು ತುಂಬಿದ ಕರಟಗಳಲ್ಲಿ ನಿಲ್ಲಿಸಿದೆವು. ಇಷ್ಟು ದೊಡ್ಡ ತಂತ್ರಜ್ಞಾನವನ್ನು ಕರಟದಲ್ಲಿ ನಿಲ್ಲಿಸಬೇಕಾಯಿತಲ್ಲ ಎಂದು ಆ ಬಣ್ಣದ ಚೀಟಿ ತಯಾರಿಸಿದವರ ಮೇಲೆ ನನಗೆ ಸಿಟ್ಟು.

ಎಲ್ಲವೂ ಸಿದ್ಧವಾಯಿತು. ಈಗ ಮಂಗಲಾಳ ಡಿಸ್ಕನ್ನು ಹಚ್ಚಿ ಅದರಲ್ಲಿದ್ದುದನ್ನು ಇದಕ್ಕೆ ಇಳಿಸಬೇಕು. ಹಚ್ಚಿದರೆ ಟಕ್, ಟಕ್. ಎರಡು ನಿಮಿಷ ಓಡಿ ನಿಂತಿತು. ತಣ್ಣಗಾದ ಮೇಲೆ ಹಚ್ಚಿದರೆ ಮತ್ತೆ ಎರಡು ನಿಮಿಷ. ಪಾಂಡುರಂಗ ಗಲ್ಲ ತುರಿಸಿಕೊಂಡು ಹೊರಗೆ ಹೋದವನು ಮೀನು ತುಂಬುವ ದೊಡ್ಡ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಬಂದ. ಒಳಗೆ ಪುಡಿಮಾಡಿದ ಮಂಜುಗಡ್ಡೆ. ಅರ್ಧ ಪೆಟ್ಟಿಗೆಗೆ ಬಂಗಡೆ.

“ತಂಪಾಗಿದ್ರೆ ಓಡ್ತದೆ,” ಎಂದ. “ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ ಐಸಲ್ಲಿ ಇಡುವ.”

“ಪಾಂಡುರಂಗ, ಇವತ್ತು ಸೋಮವಾರ.”

“ಆದ್ರೆ ಎಂತಾತು?”

“ಮಂಗಲಾ ಸೋಮವಾರ ಮೀನು ಮುಟ್ತಿರಲಿಲ್ಲ.”

ಅವನು ನನ್ನ ಮುಖ ನೋಡಿದ. ಬಂಗಡೆಯನ್ನೆಲ್ಲ ಬುಟ್ಟಿಗೆ ಬಾಚಿ ಹಾಕಿ, ಪೆಟ್ಟಿಗೆಯನ್ನು ಸಾಬೂನು ಹಚ್ಚಿ ತೊಳೆದು, ಬೇರೆ ಮಂಜುಗಡ್ಡೆ ತರಿಸಿದ. ಡಿಸ್ಕನ್ನು ಅದರೊಳಗೆ ಹುಗಿದು, ಗಿಡ್ಡ ಕೇಬಲ್ಲು ಎಟುಕಲೆಂದು ಯಂತ್ರವನ್ನು ಕಪಾಟಿನ ಸಮೇತ ಪೆಟ್ಟಿಗೆಗೆ ತಾಗಿಸಿ ಇಟ್ಟ. ಡಿಸ್ಕು ಓಡತೊಡಗಿತು. ಟಕ್ ಎನ್ನಲಿಲ್ಲ. ಒಂದೊಂದೇ ಫೈಲು ಪರದೆಯ ಮೇಲೆ ತನ್ನ ಹೆಸರು ಹೇಳಿಕೊಂಡು ದಾಟಿ ಬರಲಾರಂಭಿಸಿತು. ಮಂಜು ಕರಗಿದ ಹಾಗೆ ನಾನು ಮೇಲಿನಿಂದ ಹಾಕುತ್ತಿದ್ದೆ, ನೀರು ಬಸಿಯುತ್ತಿದ್ದೆ. ಮೀನು ಮಾರುವ ಹೆಂಗಸೊಬ್ಬಳು ಬಾಗಿಲಲ್ಲಿ ಬುಟ್ಟಿ ಇಳಿಸಿ ನೋಡುತ್ತ ನಿಂತಳು.

“ಅದೆಂತ ಮೀನಾ, ಹಗ್ಗ ಕಟ್ಟಿ ಇಟ್ಟದ್ದು?”

“ಹಾರ್ಡ್ ಡಿಸ್ಕು,” ಎಂದೆ.

“ದುಬೈದಾ? ಸಾರಿಗೆ ಆಗ್ತದಾ, ಹುರಿಯೂಕಾ?” ಎಂದವಳು ಪಕ್ಕದ ಕಪಾಟನ್ನು ನೋಡಿ, “ಬನ್ನಿಗೆ ಒಳ್ಳೇದಿರ್ಬೇಕು” ಎಂದು ಹೇಳಿ ಹೋದಳು. ಸಾಮಾನ್ಯ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅಂದು ಮಾತ್ರ, ಆಸ್ಪತ್ರೆಯಲ್ಲಿ ಹಣೆಗೆ ತಣ್ಣೀರಿನ ಬಟ್ಟೆ ಬದಲಾಯಿಸುತ್ತ ಕುಳಿತವನ ಹತ್ತಿರ ಬಂದು ಚೇಷ್ಟೆ ಮಾಡಿದ ಹಾಗೆ ಆಯಿತು. ಎರಡು ಹಗಲು ಹೀಗೆ ನಡೆಯಿತು. ಕೆಲವು ಫೋಟೋಗಳು ಅರ್ಧ ಮುಖದಲ್ಲೇ ನಿಂತವು. ಮಿಕ್ಕದ್ದೆಲ್ಲ ದಾಟಿತು. ಕೊನೆಯ ಫೈಲು ಬಂದ ಮೇಲೆ ಡಿಸ್ಕನ್ನು ಹೊರಗೆ ತೆಗೆದು ಒರೆಸಿ ಮತ್ತೊಮ್ಮೆ ಹಚ್ಚಿ ನೋಡಿದೆವು. ಅದು ಅಲ್ಲಾಡಲಿಲ್ಲ. ಟಕ್ ಎಂದೂ ಅನ್ನಲಿಲ್ಲ.

ಗಾಜಿನ ಕಪಾಟನ್ನು ಟೆಂಪೋದಲ್ಲಿ ಕುಮಟಾಕ್ಕೆ ತಂದು ಹಿಂದಿನ ಕೋಣೆಯಲ್ಲಿ, ಅಂಗಡಿಯಿಂದ ಕಾಣುವ ಹಾಗೆ ಇಟ್ಟೆವು. ಗಜಾನನ ಬಂದು ನೋಡಿ, “ಅಕ್ಕ ಮಾಡಿದ್ದೆಲ್ಲಾ ಬನ್ನಿನ ಕಪಾಟಲ್ಲಾ ಭಾವ?” ಎಂದು ಕಣ್ಣೀರು ಹಾಕಿದ. ಪಾಂಡುರಂಗ ಹೊರಡುವ ಮೊದಲು ಅವನಿಗೆ ಒಂದು ಕೆಲಸ ಹೇಳಿದೆ: ಇದರೊಳಗೆ ಏನನ್ನಾದರೂ ಇಡಲು ಬರಬೇಕು, ತೆರೆದು ಓದಲು ಬರಬೇಕು, ಆದರೆ ಒಮ್ಮೆ ಇಟ್ಟದ್ದನ್ನು ತಿದ್ದಲು, ಅಳಿಸಲು ಯಾರಿಗೂ ಬರಬಾರದು.

“ನಿಂಗೂ ಬ್ಯಾಡ್ವಾ?”

“ಮೊದಲು ನನಗೇ ಬ್ಯಾಡ.”

ಹಾಗೆಯೇ ಮಾಡಿಕೊಟ್ಟು ಹೋದ. ನನ್ನ ಸಿಟ್ಟು ಇಳಿಯಬೇಕಾದದ್ದು ಆಗ. ಇಳಿಯಲಿಲ್ಲ. ಏಕೆಂದರೆ ಮಾರನೆಯ ವಾರದಿಂದ ಊರಿನವರು ಬರತೊಡಗಿದರು. ಮೊದಲು ಬಂದವರು ಬೊಮ್ಮಯ್ಯನವರೇ, ಕೈಯಲ್ಲಿ ಕೋಲು, ಕಂಕುಳಲ್ಲಿ ಛತ್ರಿ.

“ತಮಾ, ನಮ್ಮ ಕಾಗದ ತೆಗಿ. ಮೊಮ್ಮಗಳ ಮದುವೆ. ಹೆಸರಷ್ಟೇ ಬದಲಾಯ್ಸು, ಬಾಕಿ ಮುಟ್ಟಬ್ಯಾಡ.”

ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದ್ದರಿಂದ ಅವರದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ‘ಮುಗಿಯಲಿಲ್ಲ’ ಎಂಬ ಹೆಸರಿನದು. ಅದರದೊಂದು ಪ್ರತಿ ಹೊರಗೆ ತೆಗೆದು, ಬೇರೆ ಹೆಸರು ಹಾಕಿಕೊಟ್ಟರೆ ಮೂಲಕ್ಕೆ ಏನೂ ಆಗುವುದಿಲ್ಲ. ಅದಕ್ಕೆಂದೇ ಇಷ್ಟೆಲ್ಲ ಮಾಡಿದ್ದು. ಆದರೆ ಅವಳು ಕೂರಿಸಿದ ಸಾಲುಗಳ ನಡುವೆ ನಾನು ಕೈ ಹಾಕಿ ಒಂದು ಹೆಸರನ್ನು ಕಿತ್ತು ಇನ್ನೊಂದನ್ನು ಹಾಕುವುದನ್ನು ನೆನೆದರೆ ಬೆರಳು ಮುಂದೆ ಹೋಗಲಿಲ್ಲ. ಬಾಯಿ ಹೋಯಿತು.

“ಇಲ್ಲ ಬೊಮ್ಮಣ್ಣ. ಡಿಸ್ಕು ಸತ್ತೋತು.”

ಅವರು ಒಳಗಿನ ಕಪಾಟಿನ ಕಡೆ ಕೋಲು ತೋರಿಸಿದರು. “ಹಾಗಾದ್ರೆ ಅದರೊಳಗೆ ಮಿಣಮಿಣ ಹೇಳೂದು ಎಂತದು?”

“ಅದು ಬನ್ನು ಬಿಸಿ ಇಡೂಕೆ,” ಎಂದೆ.

ಬನ್ನಿಲ್ಲದ ಬನ್ನಿನ ಕಪಾಟನ್ನು ಅವರು ಬಹಳ ಹೊತ್ತು ನೋಡಿ, ಹೆಂಡತಿ ಹೋದವರಿಗೆ ಹೀಗೆಲ್ಲ ಆಗುತ್ತದೆಂದು ಸಮಾಧಾನ ಮಾಡಿಕೊಂಡವರ ಹಾಗೆ ಹೊರಟುಹೋದರು. ಆ ಮನೆಯ ಮದುವೆಗೆ ಎರಡು ಕಾಗದ ಅಚ್ಚಾದವು, ಒಂದರಲ್ಲಿ ಬೊಮ್ಮಯ್ಯ ಮೊದಲು, ಇನ್ನೊಂದರಲ್ಲಿ ದೊಡ್ಡಪ್ಪನ ಮಗ. ಊರಿನವರು ಎರಡನ್ನೂ ನನಗೆ ತಂದು ತೋರಿಸಿದರು, ತಪ್ಪು ನನ್ನದೆಂಬಂತೆ. ಆಮೇಲೆ ‘ಕೆಂಪು ಸೀರೆಯವರು’ ಬಂದರು, ನೀಲಿ ಸೀರೆಯಲ್ಲಿ. ‘ನಾಳೆ ಬರ್ತೇನೆಂದವರು’ ಆರು ವರ್ಷದ ಮೇಲೆ ಬಂದರು. ಎಲ್ಲರಿಗೂ ಒಂದೇ ಉತ್ತರ: ಸತ್ತೋತು. ನನಗೆ ಬಂದ ರೋಷವೆಂದರೆ, ಒಬ್ಬರಾದರೂ ಕಾಗದ ಬಿಟ್ಟು ಅದನ್ನು ಮಾಡಿದವಳ ಬಗ್ಗೆ ಕೇಳಬಾರದೇ ಎಂದು. ಕೇಳಿದವರೂ ಇದ್ದರೇನೋ. ಅಷ್ಟರಲ್ಲಿ ನಾನು ಸುಳ್ಳು ಹೇಳುವ ಗಡಿಬಿಡಿಯಲ್ಲಿರುತ್ತಿದ್ದೆ.

ಕೊನೆಗೆ ಒಂದು ದಿನ ಪಾಂಡುರಂಗ ಬಂದ. ಮಗಳ ಮದುವೆ. ಅವನ ತಮ್ಮನ ಮದುವೆ ಕಾಗದವನ್ನು ಹಿಂದೆ ಮಂಗಲಾಳೇ ಮಾಡಿದ್ದಳು, ಅದೇ ಆಗಬೇಕೆಂದ. ನನ್ನ ಬಾಯಿಗೆ ಅಭ್ಯಾಸವಾಗಿ ಹೋಗಿತ್ತು. “ಇಲ್ಲ ಪಾಂಡುರಂಗ, ಅದು ಹೋತು” ಎಂದುಬಿಟ್ಟೆ. ಯಾರಿಗೆ! ಎರಡು ಹಗಲು ನನ್ನ ಪಕ್ಕದಲ್ಲಿ ಕುಳಿತು ಆ ಫೈಲು ದಾಟಿ ಬಂದದ್ದನ್ನು ಕಣ್ಣಾರೆ ನೋಡಿ, “ಹಾ, ನಮ್ಮನೇದು ಬಂತು” ಎಂದು ಬೆರಳು ತೋರಿಸಿದವನಿಗೆ. ಕಪಾಟಿನೊಳಗೆ ದೀಪಗಳು ಮಿನುಗುತ್ತಿದ್ದವು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಬೆಂಚಿನ ಮೇಲೆ ಕುಳಿತ.

“ಹೌದಾ? ಆತು. ಹೋದ್ದು ಹೋತು. ಹೊಸದೇ ಮಾಡು. ನಾ ಹೇಳ್ತಾ ಹೋಗ್ತೆ.”

ಅರಬ್ಬಿ ಅಕ್ಷರಗಳ ಆ ಕೀಬೋರ್ಡಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ನಾನು ಟೈಪು ಮಾಡಿದೆ. ಅಜ್ಜ ಯಾರು, ಅಜ್ಜನ ತಮ್ಮ ಯಾರು, ಸೋದರಮಾವಂದಿರಲ್ಲಿ ಹಿರಿಯರು ಯಾರು, ಒಬ್ಬೊಬ್ಬರ ಬಗ್ಗೆಯೂ ಮೂರು ಮೂರು ಸಲ ಕೇಳಿ, ಸಾಲು ಹಿಡಿದು ಕೂರಿಸಿದೆ. ಅಚ್ಚು ಹಾಕುವ ಮೊದಲು ಫೈಲನ್ನು ಜೋಪಾನವಾಗಿ ಕಪಾಟಿನೊಳಗೆ ಇಟ್ಟೆ. ಎರಡು ದಿನಗಳ ಮೇಲೆ ಅವನು ಕಾಗದದ ಕಟ್ಟನ್ನು ಹಿಡಿದುಕೊಂಡು ವಾಪಸು ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ.

“ಎಲ್ಲಾ ಸಮ ಆತು ಮಾರಾಯಾ. ಯಾರೂ ಹಿಂದೆ ಮುಂದೆ ಆಗ್ಲಿಲ್ಲ. ನಮ್ಮ ಅತ್ತಿಗೆಗೂ ಖುಷಿ ಆತು, ಅವರು ಇವತ್ತಿನವರೆಗೆ ಯಾವ ಕಾಗದಕ್ಕೂ ಖುಷಿ ಆದದ್ದಿಲ್ಲ. ಆದ್ರೆ ಮದುಮಗ ಎಲ್ಲಿ?”

ಓದಿ ನೋಡಿದೆ. ಇಪ್ಪತ್ತೊಂದು ಜನ ಬಂಧುಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿದ್ದರು. ಮದುಮಗಳಿದ್ದಳು, ಮುಹೂರ್ತವಿತ್ತು, ಊಟದ ಸಮಯವಿತ್ತು. ‘ಇವರೊಂದಿಗೆ’ ಎಂಬ ಶಬ್ದದ ಹಿಂದೆ ಯಾರೂ ಇರಲಿಲ್ಲ. ಮತ್ತೆ ಹೊಡೆದು ಕೊಡುತ್ತೇನೆ ಎಂದರೆ, ನಾಳೆ ಬೆಳಿಗ್ಗೆಯೇ ಹಂಚಲು ಹೊರಡಬೇಕೆಂದ. “ಪೆನ್ನು ತೆಗಿ” ಎಂದ. ಇಬ್ಬರೂ ಬೆಂಚಿನ ಮೇಲೆ ಕುಳಿತು ಒಂದೊಂದು ಕಾಗದದಲ್ಲೂ ಕೈಯಿಂದ ‘ಚಿ. ವಿನಾಯಕ’ ಎಂದು ಬರೆದೆವು. ಅರ್ಧ ಕಟ್ಟು ಮುಗಿದಾಗ ಪಾಂಡುರಂಗ “ಮಂಗಲಕ್ಕ ಇದ್ದಿದ್ರೆ...” ಎಂದು ಶುರುಮಾಡಿ, ನಿಲ್ಲಿಸಿ, ಪೆನ್ನನ್ನು ಕೊಡವಿ ಮುಂದಿನ ಕಾಗದ ತೆಗೆದುಕೊಂಡ. ಆ ವರ್ಷದಲ್ಲಿ ಯಾರ ಮಾತಿಗೂ ಸಿಟ್ಟು ಬಾರದೆ ಇದ್ದದ್ದು ಅದೊಂದೇ ಸಲ.

ಅವನು ಹೋದ ಮೇಲೆ, ಫೈಲಿನಲ್ಲಾದರೂ ಮದುಮಗನನ್ನು ಸೇರಿಸಿಬಿಡೋಣವೆಂದು ಒಳಗೆ ಹೋಗಿ ಕುಳಿತೆ. ಹೆಸರು ಹೊಡೆದೆ, ಇಡು ಎಂದೆ. ಯಂತ್ರ ಆಗುವುದಿಲ್ಲ ಎಂದಿತು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಆಗುವುದಿಲ್ಲ ಎಂದಿತು. ದನಿ ಏರಿಸಿ ಹೇಳಿದೆ, ಹಾವು ಬಂದಿರಲಿಲ್ಲ. ಆಗಲೂ ಅದು ಅಲ್ಲಾಡಲಿಲ್ಲ. ಇಷ್ಟೊಂದು ಹಟಮಾರಿ ಏರ್ಪಾಡನ್ನು ಯಾವ ಮೂರ್ಖ ಮಾಡಿಸಿದನೋ ಎಂದು ಬೈಯಲು ಬಾಯಿ ತೆರೆದವನು ಅಲ್ಲಿಗೇ ಮುಚ್ಚಿಕೊಂಡೆ. ಅವಳ ಕೈಯಿಂದ ಬಂದ ನೂರಾರು ಮದುವೆಗಳ ಸಾಲಿನಲ್ಲಿ, ಮದುಮಗನಿಲ್ಲದ ನನ್ನ ಒಂದು ಮದುವೆಯೂ ಈಗ ಎರಡು ಡಿಸ್ಕುಗಳಲ್ಲಿ ಭದ್ರವಾಗಿದೆ. ಒಂದು ಸತ್ತರೂ ಇನ್ನೊಂದರಲ್ಲಿ ಇರುತ್ತದೆ.